ಕ್ಯಾಲೆಂಡರಿನ ಲೈಟ್‌ಹೌಸ್ ಹತ್ತಿದ್ದು

ಅಂಗಡಿಯಲ್ಲಿ ಕೂತಿರುವ ತನಕ ನಾನು ಬುದ್ಧಿವಂತ. ಷಟರ್ ಎಳೆದು ಊರ ಹೊರಗೆ ಕಾಲಿಟ್ಟ ದಿನ ಏನಾದರೊಂದು ಆಗಿಯೇ ತೀರುತ್ತದೆ. ದಾಂಡೇಲಿಯಲ್ಲಿ ನನ್ನದು ಹಗ್ಗ, ತಾಡಪತ್ರಿ, ಗುದ್ದಲಿ, ಸಲಿಕೆಗಳ ಅಂಗಡಿ. ಜೋಯಿಡಾದ ಕಾಡಿನೂರುಗಳಿಂದ ಹಿಡಿದು ಮುಂಡಗೋಡದ ಮಳಗಿ, ಪಾಳಾ ತನಕ ನನ್ನ ಹಗ್ಗ ಕಾಣದ ದನದ ಕೊಟ್ಟಿಗೆ ಕಡಿಮೆ. ಜಂಬ ಅನ್ನಿ ಬೇಕಾದರೆ. ಒಳ್ಳೆಯ ಮಾಲು ಇಟ್ಟವನು ತಲೆ ತಗ್ಗಿಸಿ ಯಾಕೆ ಮಾತಾಡಬೇಕು? ಆದರೆ ಹೋದ ಚಳಿಗಾಲ ಒಂದು ದಿನದ ಮಟ್ಟಿಗೆ ಸಮುದ್ರ ನೋಡಲು ಹೋದೆವಲ್ಲ, ಅವತ್ತಿನ ಕಥೆ ಬೇರೆ.

ಉಪ್ಪಿನ ಗದ್ದೆ

ವರ್ಷಾ ವರ್ಷ ಅಂಗಡಿಯ ಹೆಸರಿನಲ್ಲಿ ಕ್ಯಾಲೆಂಡರ್ ಹಂಚುತ್ತೇನೆ. ಉಳಿದ ವ್ಯಾಪಾರಿಗಳು ದೇವರ ಚಿತ್ರ ಹಾಕಿಸುತ್ತಾರೆ. ಒಂದೇ ಗೋಡೆಗೆ ಐದು ದೇವರು ಬಂದರೆ ಯಾವ ದೇವರು ಯಾವ ಅಂಗಡಿಯವನು ಎಂದು ಯಾರು ನೆನಪಿಡುತ್ತಾರೆ? ನಾನು ಲೈಟ್‌ಹೌಸ್ ಹಾಕಿಸಿದೆ. ಪ್ರೆಸ್ಸಿನವನ ಹತ್ತಿರ ಆ ಚಿತ್ರ ತಯಾರಿತ್ತು. ಬಂಡೆಯ ಮೇಲೆ ಎತ್ತರದ ಗೋಪುರ, ಹಿಂದೆ ನೀಲಿ ಸಮುದ್ರ, ಕೆಳಗೆ ನೆಲವೆಲ್ಲ ಬೆಳ್ಳಗೆ. ಜನಕ್ಕೆ ಹಿಡಿಸಿತು. ಹನ್ನೆರಡು ವರ್ಷ ಅದನ್ನೇ ಹಾಕಿಸಿದೆ. ಈಗ ನಮ್ಮ ಕಡೆ ನನ್ನದಕ್ಕೆ 'ಲೈಟ್‌ಹೌಸ್ ಅಂಗಡಿ' ಅಂತಲೇ ಹೆಸರು.

ಮೊದಲ ವರ್ಷ ಯಾರೋ ಕೇಳಿದರು, "ಇದು ಎಲ್ಲೈತ್ರಿ?"

ದುಡ್ಡಿನ ಗಲ್ಲೆಯ ಮೇಲೆ ಕೂತವನಿಗೆ ಗೊತ್ತಿಲ್ಲ ಅನ್ನುವ ಅಭ್ಯಾಸ ಇರುವುದಿಲ್ಲ. "ಇಲ್ಲೇ, ಘಟ್ಟಾ ಇಳದ್ರ ಆತು" ಅಂದೆ.

"ಕೆಳಗ ಬೆಳ್ಳಗ ಏನದು?"

"ಉಪ್ಪಿನ ಗದ್ದಿ."

"ನೀವು ಹತ್ತೀರೇನು?"

"ಹತ್ತದ ಹಾಕಿಸ್ತೇನೇನು?"

ಹೀಗೆ ಶುರುವಾದದ್ದು ವರ್ಷಕ್ಕೊಂದು ಅಂತಸ್ತು ಏರಿತು. ಮೂರನೆಯ ವರ್ಷದ ಹೊತ್ತಿಗೆ ಮೇಲಿಂದ ಗೋವಾ ಕಾಣತೊಡಗಿತು. ಐದನೆಯ ವರ್ಷ ಮೆಟ್ಟಿಲು ನೂರಾ ಎಂಟಾದವು.

ನನ್ನ ಗಿರಾಕಿಗಳಲ್ಲಿ ಹಳಿಯಾಳ ತಾಲೂಕಿನ ಸಿದ್ದಿ ಕೇರಿಯ ಅಕ್ಕ ಒಬ್ಬಳಿದ್ದಾಳೆ. ಭತ್ತ, ಜೋಳ ಬೆಳೆಯುತ್ತಾಳೆ. ಕೇರಿಯ ಮಹಿಳಾ ಸಂಘಕ್ಕೆಲ್ಲ ಖರೀದಿ ಅವಳದೇ. ಹಗ್ಗ ಕೊಟ್ಟರೆ ಒಂದು ತುದಿ ಪಾದದ ಕೆಳಗೆ ಮೆಟ್ಟಿ, ಇನ್ನೊಂದು ತುದಿ ಮುಂಗೈಗೆ ಸುತ್ತಿ, ನನ್ನ ಮುಖ ನೋಡುತ್ತಾ ಎಳೆಯುತ್ತಾಳೆ. ಎಳೆಯುವುದು ಹಗ್ಗವನ್ನೋ ನನ್ನನ್ನೋ ಎಂದು ಅನುಮಾನ ಬರಬೇಕು. ಅವಳು ಒಂದು ದಿನ ಗೋಡೆಯತ್ತ ಕೈಮಾಡಿ, "ನಮ್ಮ ಸಂಘದ ಹೆಂಗಸರಿಗೆ ಇದನ್ನ ನೋಡೂದೈತಿ. ಮೆಟ್ಲಾ ಎಷ್ಟ ಅದಾವ್ರಿ?" ಎಂದಳು.

"ನೂರಾ ಎಂಟು. ನಾನ ಎಣಿಸಿ ಹತ್ತೇನಿ."

ಅಂಗಡಿಯ ಹಿಂದೆಯೇ ನಮ್ಮ ಮನೆ. ಚಹಾ ಹಿಡಿದು ಬಂದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಯಾವಾಗ ಹತ್ತಿದ್ರಿ?"

ನಾನು ಬಿಚ್ಚಿದ ಹಗ್ಗ ಸುತ್ತತೊಡಗಿದೆ.

"ಮದುವಿಯಾದ ವರ್ಷದಿಂದ ಸಮುದ್ರ ತೋರಿಸ್ತೇನಿ ಅಂತ ಹೇಳಾಕತ್ತೀರಿ. ನನ್ನ ಬಿಟ್ಟು ಒಬ್ರ ಹೋಗಿ ಹತ್ತಿ ಬಂದ್ರೇನು?"

ಹತ್ತಿದ್ದೇನೆ ಅಂದರೆ ಮನೆಯಲ್ಲಿ ಕಳ್ಳ. ಹತ್ತಿಲ್ಲ ಅಂದರೆ ಅಂಗಡಿಯಲ್ಲಿ ಸುಳ್ಳ. ಅದರಲ್ಲೂ ಆ ಅಕ್ಕನ ಮುಂದೆ. ಮೆಟ್ಟಿಲ ವಿಷಯದಲ್ಲಿ ಸುಳ್ಳು ಹೇಳಿದವನು ಹಗ್ಗದ ವಿಷಯದಲ್ಲಿ ನಿಜ ಹೇಳುತ್ತಾನೆ ಎಂದು ಯಾರು ನಂಬುತ್ತಾರೆ? "ಬರೂ ರವಿವಾರ ಎಲ್ಲಾರೂ ಕೂಡೇ ಹೋಗೂಣು" ಎಂದುಬಿಟ್ಟೆ.

"ಸಂಘದವರಿಗಿಂತ ಮೊದಲ ನಾ ಒಬ್ಬಾಕಿ ಬಂದು ನೋಡ್ತೇನಿ" ಎಂದಳು ಅಕ್ಕ. "ನೀವು ಎಣಿಸಿದ್ದು ಬಾಳ ವರ್ಷಾತು. ಹೆಚ್ಚಾಗ್ಯಾವೇನೋ ನೋಡೂಣು."

ಎರಡು ಗಂಟೆಯ ಭೋಂಗಾ

ವಿಚಾರಿಸಿದೆ. ಘಟ್ಟದ ಕೆಳಗೆ ಒಂದು ಅಳಿವೆಯ ಪಕ್ಕದ ಗುಡ್ಡದ ಮೇಲೆ ಲೈಟ್‌ಹೌಸ್ ಇರುವುದು ನಿಜ. ಜನರನ್ನು ಹತ್ತಲು ಬಿಡುವುದು ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ. ಅರ್ಧ ಜೀವ ಬಂತು. ಹೇಗಾದರೂ ಐದು ದಾಟಿಸಿದರೆ ಬಾಗಿಲು ಮುಚ್ಚಿರುತ್ತದೆ. ಕೆಳಗೆ ನಿಂತು ಕೈ ತೋರಿಸಿ, ಅಯ್ಯೋ ತಪ್ಪಿತಲ್ಲ ಎಂದು ವಾಪಸ್ ಬರಬಹುದು.

ಅದಕ್ಕಾಗಿಯೇ ಪಕ್ಕದ ಮನೆಯ ನಿವೃತ್ತರನ್ನು ಕರೆದುಕೊಂಡೆ. ಕಾಗದದ ಕಾರ್ಖಾನೆಯಲ್ಲಿ ಜೀವನವಿಡೀ ಬೆಳಗಿನ ಪಾಳಿ ಮಾಡಿದವರು. ಪಾಳಿ ಮುಗಿಯುವ ಎರಡು ಗಂಟೆಯ ಭೋಂಗಾ, ಅಂದರೆ ಕಾರ್ಖಾನೆಯ ಸೈರನ್, ಆಗದೆ ಅವರ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಅವರನ್ನು ಬಿಟ್ಟು ಉಂಡರೆ ಮರ್ಯಾದೆಯಲ್ಲ. ಅಂದರೆ ಊಟವೇ ಮೂರು ಗಂಟೆ ತನಕ.

ಘಟ್ಟ ಇಳಿದು ಒಂದು ಮರದ ನೆರಳಲ್ಲಿ ಬಾಡಿಗೆ ಗಾಡಿ ನಿಲ್ಲಿಸಿದೆವು. ಹೆಂಡತಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಎರಡು ದಾಟಿತು. ನಿವೃತ್ತರು ಬುತ್ತಿಯ ಮುಂದೆ ಕೈಕಟ್ಟಿ ಕೂತಿದ್ದರು.

"ಉಣ್ರಿ" ಎಂದಳು ಹೆಂಡತಿ.

"ಭೋಂಗಾ ಆಗಲಿ ವೈನಿ."

"ಇಲ್ಲೆಲ್ಲಿ ಭೋಂಗಾರಿ? ದಾಂಡೇಲಿ ಅಲ್ಲೇ ಉಳೀತು."

"ಗೊತ್ತೈತ್ರಿ. ಆದ್ರ ಹೊಟ್ಟಿಗೆ ಗೊತ್ತಾಗವಲ್ದು."

ನಾನು ಒಳಗೊಳಗೇ ಖುಷಿಪಟ್ಟೆ. ಹೆಂಡತಿ ಒಂದು ಕ್ಷಣ ಯೋಚಿಸಿ ಎದ್ದುಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದಳು. ಅವನು ಹಾರ್ನಿನ ಮೇಲೆ ಕೈಯಿಟ್ಟು ಒಂದು ನಿಮಿಷ ಬಿಡದೆ ಒತ್ತಿದ. ದಾರಿಯಲ್ಲಿ ಹೋಗುತ್ತಿದ್ದ ಎರಡು ಲಾರಿ ಪಕ್ಕಕ್ಕೆ ಸರಿದವು. ನಿವೃತ್ತರು ಕೈತೊಳೆದು, ರೊಟ್ಟಿ ಮುರಿದು, ಗಡಿಯಾರ ನೋಡಿ ಬೇಸರದಿಂದ ಹೇಳಿದರು:

"ಇವತ್ತ ಏಳು ಮಿನಿಟ ಲೇಟ್ ಮಾಡಿದ್ರು."

ಯಾವ ದೇಶ

ಅಳಿವೆಗೆ ಬಂದೆವು. ನದಿ ಸಮುದ್ರ ಸೇರುವ ಜಾಗ, ಬೋಟುಗಳು ಸಾಲಾಗಿ ನಿಂತಿದ್ದವು. ಆಚೆ ದಡದ ಗುಡ್ಡದ ಮೇಲೆ ಲೈಟ್‌ಹೌಸ್ ಕಾಣುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಿ ನಿಂತೆ.

ಪ್ರವಾಸಕ್ಕೆ ಬಂದ ಕಪ್ಪು ಕನ್ನಡಕದ ಗೃಹಸ್ಥರೊಬ್ಬರು ನಮ್ಮ ಅಕ್ಕನನ್ನು ಕಂಡವರೇ, ಆಫ್ರಿಕಾದಿಂದ ಬಂದವಳು ಅಂದುಕೊಂಡು, ಹತ್ತಿರ ಬಂದು ಇಂಗ್ಲಿಷಿನಲ್ಲಿ ಶುರುಮಾಡಿದರು. ಯಾವ ದೇಶ, ಭಾರತ ಹೇಗನಿಸಿತು, ಊಟ ಖಾರ ಆಗಲಿಲ್ಲವೇ, ಎಲ್ಲ ವಿಚಾರಿಸಿದರು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಇಂಥವರನ್ನು ಅವಳು ಮೊದಲ ಸಲ ನೋಡುತ್ತಿರಲಿಲ್ಲ.

"ಏನಂತಾರ ಸಾವ್ಕಾರ್ರ ಇವ್ರು?"

"ನಿಮ್ಮದು ಯಾವ ದೇಶ ಅಂತ ಕೇಳಾಕತ್ತಾರ."

"ಹಳಿಯಾಳ ತಾಲೂಕರಿ" ಎಂದಳು ಅವರತ್ತ ತಿರುಗಿ. "ನಿಮ್ದು?"

ಆತ ತಡವರಿಸಿ, "ಬೆಂಗಳೂರು" ಅಂದರು.

"ಅಬಬಬ, ಬಾಳ ದೂರಿಂದ ಬಂದೀರಿ. ಬರ್ರಿ, ಚಾ ಕುಡದು ಹೋಗ್ರಿ. ಹುಷಾರ್ರಿ, ಇಲ್ಲಿ ಊಟ ನಿಮಗ ಖಾರ ಆಗಬಹುದು."

ಆಮೇಲೆ ಅವಳು ಬೋಟಿನವನ ಹತ್ತಿರ ಕೊಂಕಣಿಯಲ್ಲಿ ಮಾತಾಡಿದಳು, ಚಹಾದಂಗಡಿಯವನ ಹತ್ತಿರ ಮರಾಠಿಯಲ್ಲಿ. ಇಂಗ್ಲಿಷೂ ತಿಳಿಯುತ್ತದೆ ಎಂಬುದು ಆ ಖಾರದ ಮಾತಿನಲ್ಲೇ ಗೊತ್ತಾಗಿತ್ತು. ನಾಲ್ಕು ಭಾಷೆಯ ಗಿರಾಕಿ ನನ್ನವಳು ಎಂದು ನಾನು ಎದೆ ಸೆಟೆಸಿ ನಿಂತಿದ್ದೆ. ಕಪ್ಪು ಕನ್ನಡಕದವರು ಚಹಾ ಮುಗಿಸಿ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದರು, "ನೀವು ಇವರ ಗೈಡಾ?"

ಬೋಟಿನ ಹಗ್ಗ

ಬೋಟು ಹತ್ತುವಾಗ ನನ್ನ ಕೈ ತಾನಾಗಿ ಹಗ್ಗಕ್ಕೆ ಹೋಯಿತು. ತಿರುವಿ ನೋಡಿದೆ, ಉಗುರಿನಿಂದ ಎಳೆ ಬಿಡಿಸಿದೆ. ಹೊತ್ತು ಕಳೆಯುವುದಕ್ಕೂ ಆಯಿತು. "ಕೀಳು ದರ್ಜೆ ಮಾಲು ತಮ್ಮಾ. ನೋಡು, ಹೊಸಿಯುವಾಗ ಬಿಗಿ ಮಾಡಿಲ್ಲ. ಎರಡು ತಿಂಗಳು ಬಂದ್ರ ದೊಡ್ಡದು."

"ಎಂಟು ವರ್ಷ ಆಯ್ತು ಕಟ್ಟಿ" ಎಂದ ಬೋಟಿನವ.

ನಾನು ಆ ಹಗ್ಗ ಮಾರಿದ ಅಂಗಡಿಯ ವಿಳಾಸ ಕೇಳಿ ಬರೆದುಕೊಂಡೆ.

ಗೇಟ್ ಬಿಟ್ಟಾರ

ಬೋಟಿನವ ನಮ್ಮನ್ನು ಆಚೆ ದಡದ ಮರಳಿನ ಮೇಲೆ ಇಳಿಸಿದ. ಗುಡ್ಡದ ಬುಡವೇ ಅದು. ಗಂಟೆ ನಾಲ್ಕೂಕಾಲು. ಇನ್ನು ಮುಕ್ಕಾಲು ಗಂಟೆ ತಳ್ಳಬೇಕು. ಮೊಣಕಾಲು ಹಿಡಿದುಕೊಂಡು, "ನೋವು ಶುರುವಾತು, ಸ್ವಲ್ಪ ಕೂಡೂಣು" ಅಂದೆ. ನಮ್ಮ ಅಂಗಡಿಯದೇ ತಾಡಪತ್ರಿ ಹಾಸಿದೆ. ಅವಲಕ್ಕಿ ಬಿಚ್ಚಿಸಿದೆ. ಹೆಂಡತಿ ಅವಲಕ್ಕಿ ಮುಟ್ಟಲಿಲ್ಲ. ಗುಡ್ಡ ನೋಡುತ್ತಾ ಕೂತಿದ್ದಳು. "ಇಷ್ಟ ಹತ್ರ ಬಂದು ಹತ್ತದ ಹೋದ್ರ, ಇನ್ನ ಎಂದೂ ಆಗೂದಿಲ್ಲ ಬಿಡ್ರಿ" ಎಂದಳು. ನಾನು ಕೇಳಿಸದವನಂತೆ ಕಪ್ಪೆಚಿಪ್ಪು ಆರಿಸಿದೆ.

ನಾಲ್ಕೂ ನಲವತ್ತಕ್ಕೆ ಎಲ್ಲಿಂದಲೋ ಭೋಂಗಾ ಕೂಗಿತು.

ನಮ್ಮ ಕಾಳಿ ನದಿಯ ಕಡೆ ಒಂದು ಪದ್ಧತಿ. ಮೇಲೆ ಅಣೆಕಟ್ಟಿನ ಗೇಟು ತೆಗೆಯುವ ಮೊದಲು ಭೋಂಗಾ ಕೂಗಿಸುತ್ತಾರೆ. ಕೂಗಿದರೆ ಹೊಳೆಯಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು ಯಾಕೆ ಏನು ಕೇಳದೆ ಮೇಲೆ ಹತ್ತುತ್ತಾರೆ. ಅದು ನಮಗೆ ಹುಟ್ಟಿನಿಂದ ಬಂದದ್ದು. ನಿವೃತ್ತರು ಅವಲಕ್ಕಿ ಬಿಟ್ಟು ಎದ್ದು ನಿಂತರು. ನಾನು ನೀರಿನತ್ತ ನೋಡಿದೆ. ಆಗ ಹತ್ತು ಮಾರು ದೂರ ಇದ್ದ ನೀರು ಈಗ ತಾಡಪತ್ರಿಯ ಅಂಚು ನೆಕ್ಕುತ್ತಿತ್ತು.

"ಗೇಟ್ ಬಿಟ್ಟಾರ" ಅಂದೆ. "ಮ್ಯಾಲೆ ನಡೀರಿ."

ತಾಡಪತ್ರಿ ಮಾತ್ರ ಬಿಡಲಿಲ್ಲ, ಮಡಚಿ ಹೆಗಲಿಗೆ ಹಾಕಿಕೊಂಡೇ ಓಡಿದೆ. ಹಾದಿಯಲ್ಲಿ ಮುದುಕನೊಬ್ಬ ಬಲೆ ಹೆಣೆಯುತ್ತಾ ಕೂತಿದ್ದ. "ಅಜ್ಜಾ, ಏಳು, ನೀರ ಏರಾಕತ್ತೈತಿ."

"ಹೌದು" ಎಂದ ಅವನು ತಲೆ ಎತ್ತದೆ. "ದಿನಾ ಎರಡು ಸಲ ಏರ್ತದೆ."

ಅದರ ಅರ್ಥ ಮಾಡಿಕೊಳ್ಳುವಷ್ಟು ಹೊತ್ತು ಯಾರು ನಿಲ್ಲುತ್ತಾರೆ? ಗುಡ್ಡದ ಪಾವಟಿಗೆಗಳನ್ನು ಎರಡೆರಡಾಗಿ ಹತ್ತಿದೆ. ಹಿಂದೆ ನಿವೃತ್ತರು, ಅವರ ಹಿಂದೆ ಹೆಂಗಸರಿಬ್ಬರು. ಮೊಣಕಾಲು ನೆನಪೇ ಇರಲಿಲ್ಲ. ತುದಿಯಲ್ಲಿ ಒಂದು ಬಾಗಿಲು ಹಿಡಿದು ನಿಂತು ಉಸಿರು ಬಿಟ್ಟೆ. ಒಳಗಿಂದ ಕಾವಲುಗಾರ ಇಣುಕಿದ.

"ಹೊಳಿಗೆ ನೀರ ಬಿಟ್ಟಾರ" ಎಂದೆ.

"ಸಮುದ್ರಕ್ಕೆ ಯಾರು ನೀರು ಬಿಡ್ತಾರೆ ಮಾರಾಯ್ರೆ? ಅದು ಭರತ, ಸಮುದ್ರದ ಉಬ್ಬರ. ಕೂಗಿದ್ದು ಐಸ್ ಫ್ಯಾಕ್ಟರಿ" ಎಂದ ಅವನು. ಆಮೇಲೆ ಗಡಿಯಾರ ನೋಡಿ, "ಆದರೂ ಓಡಿ ಬಂದದ್ದು ಒಳ್ಳೆಯದಾಯ್ತು. ಲೈಟ್‌ಹೌಸ್ ಬಾಗಿಲು ಹಾಕ್ಲಿಕ್ಕೆ ಇನ್ನು ಹತ್ತೇ ನಿಮಿಷ. ಹತ್ತಿ, ಹತ್ತಿ" ಎಂದ.

ಬೆಳಗಿನಿಂದ ತಪ್ಪಿಸಿಕೊಂಡ ಬಾಗಿಲನ್ನು ಎಲ್ಲರಿಗಿಂತ ಮುಂಚೆ ಹೋಗಿ ಹಿಡಿದವನು ನಾನೇ.

ಎಂಬತ್ತಾರು

ಅಕ್ಕ ಜೋರಾಗಿ ಎಣಿಸುತ್ತಾ ಹತ್ತಿದಳು. ಸುರುಳಿ ಮೆಟ್ಟಿಲಿನ ಗೋಡೆಗೆ ಬಡಿದು ಒಂದೊಂದು ಅಂಕಿಯೂ ಎರಡೆರಡು ಸಲ ಕೇಳುತ್ತಿತ್ತು. ಎಂಬತ್ತಾರಕ್ಕೆ ಮೆಟ್ಟಿಲು ಮುಗಿದವು.

"ಉಳದ ಇಪ್ಪತ್ತೆರಡು ಎಲ್ಲಿ ಹೋದ್ವು ಸಾವ್ಕಾರ್ರ?"

"ರಿಪೇರಿಯೊಳಗ ಕಮ್ಮಿ ಮಾಡಿರಬೇಕು."

ಅವಳು ಚೀಲದಿಂದ ನನ್ನ ಕ್ಯಾಲೆಂಡರ್ ತೆಗೆದು ಸುರುಳಿ ಬಿಚ್ಚಿ, ನಮ್ಮ ಹಿಂದೆಯೇ ಹತ್ತಿ ಬಂದಿದ್ದ ಕಾವಲುಗಾರನ ಮುಂದೆ ಹಿಡಿದಳು. ಅವನು ಬೆಳಕಿಗೆ ಹಿಡಿದು ನೋಡಿದ.

"ಇದು ನಮ್ಮದಲ್ಲ. ನಮ್ಮ ದೇಶದ್ದೇ ಅಲ್ಲ."

"ಕೆಳಗ ಉಪ್ಪಿನ ಗದ್ದಿ ಐತೆಲ್ಲಾ?" ಎಂದಳು ಅಕ್ಕ.

"ಉಪ್ಪಲ್ಲ ಅಕ್ಕ, ಹಿಮ. ಯಾವುದೋ ಚಳಿ ದೇಶ ಇದು."

ನಮ್ಮ ನಾಲ್ಕು ತಾಲೂಕಿನ ಗೋಡೆಗಳ ಮೇಲೆ ಹನ್ನೆರಡು ವರ್ಷ ಹಿಮ ಬಿದ್ದಿತ್ತು. ಕೆಡವಿದವನು ನಾನು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ನಾ ಇದನ್ನೂ ಹತ್ತಿಲ್ಲ, ಅದನ್ನೂ ಹತ್ತಿಲ್ಲ. ಸಮುದ್ರ ನೋಡಿದ್ದೂ ಇವತ್ತ" ಅಂದೆ.

ಹೆಂಡತಿ ಕಂಬಿ ಹಿಡಿದು ನೋಡುತ್ತಿದ್ದವಳು ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. "ಹಂಗಾರ ನನ್ನ ಬಿಟ್ಟು ಹತ್ತಿಲ್ಲ" ಎಂದಳು. ಮುಖದ ಮೇಲೆ ಗೆದ್ದವಳ ಕಳೆ. "ಇತ್ತಾಗ ಬರ್ರಿ. ಗಾಳಿ ಚಲೋ ಐತಿ."

ಮನೆಯ ಕಡೆ ಮರ್ಯಾದೆ ಉಳಿಯಿತು. ಅಂಗಡಿಯ ಕಡೆಯದನ್ನು ಉಳಿಸಬೇಕಾದ ಅಕ್ಕ ಕ್ಯಾಲೆಂಡರ್ ಸುತ್ತುತ್ತಾ ನಿಂತಿದ್ದಳು.

"ಅಕ್ಕಾ, ಇದು ಸುಳ್ಳಾದ್ರೂ ಹಗ್ಗದ ಮಾತು ಖರೇನ ಐತಿ" ಅಂದೆ. "ಇನ್ನ ಮ್ಯಾಲೂ ನನ್ನ ಮಾತ ನಂಬಿ ತಗೊಳ್ರಿ."

ಅವಳು ನಗಾಡಿದಳು. "ಅಲ್ರಿ, ನಿಮ್ಮ ಮಾತ ನಂಬಿ ಎಂದ ತಗೊಂಡೇನಿ? ಹಗ್ಗ ನಾ ಎಳದ ನೋಡೇನಿ, ಹರೀಲಿಲ್ಲ. ಅದಕ್ಕ ತಗೋತೇನಿ."

ವ್ಯಾಪಾರದಲ್ಲಿ ನನಗೆ ಸಿಕ್ಕ ದೊಡ್ಡ ಬಿರುದು ಅದು. ಯಾರಾದರೂ ಬರೆದು ಕೊಟ್ಟಿದ್ದರೆ ಚೌಕಟ್ಟು ಹಾಕಿಸಿ ಗಲ್ಲೆಯ ಮೇಲೆ ತೂಗುಹಾಕುತ್ತಿದ್ದೆ.

ಹೊಸ ಕ್ಯಾಲೆಂಡರ್

ಇಳಿಯುವ ಮುಂಚೆ ಕಾವಲುಗಾರನ ಕೈಗೆ ಮೊಬೈಲ್ ಕೊಟ್ಟು ನಾಲ್ವರ ಫೋಟೋ ತೆಗೆಸಿದೆ. ಹಿಂದೆ ಲೈಟ್‌ಹೌಸಿನ ದೊಡ್ಡ ದೀಪ, ಪಕ್ಕದಲ್ಲಿ ಸಮುದ್ರ, ನಡುವೆ ಹೆಂಡತಿ ಸೆರಗು ಬಿಗಿಹಿಡಿದು ನಿಂತಿದ್ದಾಳೆ. ಅಕ್ಕನ ಕೈಯಲ್ಲಿ ಹಳೆಯ ಕ್ಯಾಲೆಂಡರ್, ನನ್ನ ಹೆಗಲ ಮೇಲೆ ತಾಡಪತ್ರಿ. ನಿವೃತ್ತರು ಗಡಿಯಾರ ನೋಡುತ್ತಿದ್ದಾರೆ.

ಈ ವರ್ಷ ಕ್ಯಾಲೆಂಡರಿಗೆ ಅದನ್ನೇ ಹಾಕಿಸಿದೆ. ಕೆಳಗೆ ಸಣ್ಣದಾಗಿ 'ಮೆಟ್ಟಿಲು: ೮೬' ಎಂದೂ ಅಚ್ಚು ಮಾಡಿಸಿದೆ. ಹನ್ನೆರಡು ವರ್ಷದ ಮೇಲೆ ಮೊದಲ ಸಲ ಅಪ್ಪಟ ನಿಜ ಹಂಚುತ್ತಿದ್ದೇನೆ ಎಂದು ಹೆಮ್ಮೆಯಿಂದ ಗಲ್ಲೆಯ ಮೇಲೆ ಕೂತೆ.

ಮೊದಲು ಬಂದವನು ಪಾಳಾದ ಹಳೆಯ ಗಿರಾಕಿ. ಕ್ಯಾಲೆಂಡರ್ ಬಿಚ್ಚಿ ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ನನ್ನನ್ನು ನೋಡಿದ. ಆಮೇಲೆ ಅದನ್ನು ಸುತ್ತಿ ಮೆಲ್ಲಗೆ ಮೇಜಿನ ಮೇಲಿಟ್ಟ.

"ಸಾವ್ಕಾರ್ರ, ಇದು ಎಲ್ಲೋ ಸ್ಟುಡಿಯೋದಾಗ ಪಡದಾ ಕಟ್ಟಿ ತೆಗಿಸಿದಂಗ ಐತಿ. ಹಳೇ ಸ್ಟಾಕಿನಾಗ ಆ ಉಪ್ಪಿನ ಗದ್ದೀದು ಒಂದರ ಇದ್ರ ನೋಡ್ರಿ. ಅದು ಖರೇ ಲೈಟ್‌ಹೌಸ್ ಇತ್ತು."