ಬಂಡೆಮ್ಮನ ಪ್ರತಿನಿಧಿ ದರ್ಶನ

ಕಂಪಲಾಪುರದ ಬೆಟ್ಟದರ್ಶನ ಸಮಿತಿಯ ಇಪ್ಪತ್ತೆಂಟು ಯಾತ್ರಿಕರ ಪೈಕಿ ಇಪ್ಪತ್ತೇಳು ಮಂದಿ ಬಂಡೆಮ್ಮನ ಬೆಟ್ಟವನ್ನು ಯಶಸ್ವಿಯಾಗಿ ಹತ್ತಿ ದೇವಿಯ ದರ್ಶನ ಪಡೆದಿರುತ್ತಾರೆ. ಒಬ್ಬರು ಹತ್ತಿರುವುದಿಲ್ಲ. ಸಮಿತಿಯ ಕಾರ್ಯದರ್ಶಿಯೂ ನಿವೃತ್ತ ಗುಮಾಸ್ತನೂ ಆದ ವಿರೂಪಾಕ್ಷನೆಂಬ ನಾನು ಇದನ್ನು ದೃಢೀಕರಿಸುತ್ತೇನೆ.

ಬೆಟ್ಟವು ಅಂತರಸಂತೆಯ ಆಚೆ, ಕಾಡಂಚಿನಲ್ಲಿದೆ. ಮೆಟ್ಟಿಲುಗಳಿಲ್ಲ, ಬಂಡೆಯ ಮೇಲೆ ಬಂಡೆ. ಬಸ್ಸಿಳಿದು ಎಲ್ಲರೂ ಕತ್ತೆತ್ತಿ ನೋಡಿದೆವು. ಅಧ್ಯಕ್ಷರಾದ ಜವರಯ್ಯನವರ ಟೋಪಿ ಹಿಂದಕ್ಕೆ ಬಿತ್ತು.

"ವಿರೂಪಾಕ್ಷಪ್ಪೋರೆ, ರೂಲ್ಸ್‌ನಲ್ಲಿ ಏನಾದ್ರೂ ದಾರಿ ಐತಾ ನೋಡಿ" ಎಂದರು.

ಇರಲಿಲ್ಲ. ಆದ್ದರಿಂದ ನಿಂತಲ್ಲೇ ನಿಯಮ ಹದಿನಾಲ್ಕನ್ನು ರಚಿಸಿದೆ: 'ಸ್ವತಃ ಹತ್ತಲು ಅನಾನುಕೂಲವಾದಲ್ಲಿ ಯಾತ್ರಿಕರು ಪ್ರತಿನಿಧಿಯ ಮೂಲಕ ಹತ್ತಬಹುದು. ಪ್ರತಿನಿಧಿಯ ಕಾಲುಗಳನ್ನು ಯಾತ್ರಿಕರ ಕಾಲುಗಳೆಂದೇ ಪರಿಗಣಿಸತಕ್ಕದ್ದು.' ಇಪ್ಪತ್ತೇಳು ಕೈಗಳು ಮೇಲೆದ್ದವು. ಏಳದಿದ್ದದ್ದು ಅರವತ್ತೆಂಟು ವರ್ಷದ ವೀರಮ್ಮನವರದ್ದು. ಅವರು ಆಗಲೇ ಚಪ್ಪಲಿ ಬಿಡುತ್ತಿದ್ದರು.

"ನಮ್ ಯಜಮಾನ್ರ ಕಣ್ಣಾಪ್ರೇಷನ್ ಸರೋಗ್ಲಿ ಅಂತ ಹರಸ್ಕಂಡಿದ್ದೆ ಕಣಪ್ಪ. ಬೆಳ್ಳಿ ಕಣ್ಣು ಒಪ್ಪಿಸ್ಬೇಕು. ನಾ ಎಂಗೂ ಹೋಗ್ಲೇಬೇಕು."

ಇಪ್ಪತ್ತೇಳು ಅಧಿಕಾರ ಪತ್ರಗಳನ್ನು ಅವರ ಮಡಿಲಿಗೆ ಹಾಕಿದೆವು. ಅವರು ಬಂಡೆಗೆ ಕೈಯೂರಿ ಹತ್ತತೊಡಗಿದರು. ನಾವು ಬಸ್ಸಿಗೆ ಹತ್ತಿದೆವು.

ಪುಳಿಯೋಗರೆಯ ನಂತರ, ಸಮಯ ವ್ಯರ್ಥವಾಗದಿರಲೆಂದು, ಪ್ರತಿಯೊಬ್ಬರೂ ತಮ್ಮ ದರ್ಶನದ ಅನುಭವವನ್ನು ಬರೆದುಕೊಡಬೇಕೆಂದು ಸೂಚಿಸಿದೆ. ದೇವಿ ತನ್ನನ್ನು ನೋಡಿ ನಕ್ಕಳೆಂದು ಪುಟ್ಟತಾಯಮ್ಮ ಬರೆದರು. ಅದನ್ನು ಓರೆಗಣ್ಣಿನಲ್ಲಿ ಓದಿದ ಪಕ್ಕದ ಸೀಟಿನವರು, ತನ್ನನ್ನು ನೋಡಿ ಎರಡು ಸಲ ನಕ್ಕಳೆಂದು ಬರೆದರು. ನಾನು ನಾಲ್ಕು ಪುಟ ಬರೆದೆ. ಮೂರನೆಯ ಬಂಡೆಯಲ್ಲಿ ನನ್ನ ಕಾಲು ಜಾರಿದ್ದು, ಅಗೋಚರವಾದ ಕೈಯೊಂದು ನನ್ನನ್ನು ಹಿಡಿದೆತ್ತಿದ್ದು ಅದರಲ್ಲಿದೆ. ಓದಿಕೊಂಡಾಗ ನನಗೇ ಕಣ್ಣೀರು ಬಂತು.

ಮೂರೂವರೆಗೆ ವೀರಮ್ಮ ಇಳಿದು ಬಂದರು. ಮೊಣಕಾಲು ತರಚಿ ಸೀರೆಗೆ ರಕ್ತ ಹತ್ತಿತ್ತು.

"ಗುಡಿ ಬಾಗ್ಲು ಹಾಕಿತ್ತು ಕಣಪ್ಪ. ಪೂಜಾರಪ್ಪ ಸರಗೂರಿಗೆ ಮದ್ವೆಗೆ ಹೋಗವ್ರಂತೆ. ಬೀಗಕ್ಕೇ ಕೈ ಮುಗ್ದು ಬಂದೆ."

ಕಡತದಲ್ಲಿ ಇಪ್ಪತ್ತೇಳು ದರ್ಶನಗಳಿದ್ದವು. ಬಸ್ಸಿನಲ್ಲೇ ತುರ್ತು ಸಭೆ ಕರೆಯಲಾಯಿತು.

"ಸಾರ್, ಮೇಲಕ್ಕೆ ಹೋದೋರು ಅವ್ರೊಬ್ರೇ ಅಲ್ವಾ?" ಎಂದು ಡ್ರೈವರ್ ಮುಖ್ತಾರ್ ಕೇಳಿದರು. ಚಾಲಕರಿಗೆ ಮತಾಧಿಕಾರವಿಲ್ಲವೆಂದು ತಿಳಿಸಲಾಯಿತು.

ಜವರಯ್ಯನವರು ಸಾಕ್ಷ್ಯ ಪರಿಶೀಲನೆಗೆ ಇಳಿದರು. "ಬೆಳ್ಳಿ ಕಣ್ಣು ಎಲ್ಲವ್ವಾ?"

ವೀರಮ್ಮ ಸೆರಗಿನ ಗಂಟು ಬಿಚ್ಚಿದರು. ಎರಡೂ ಇದ್ದವು.

"ಕಣ್ಣು ಇಲ್ಲೇ ಅವೆ ಅಂದ್ಮೇಲೆ ನೀನು ಹೋಗಿಲ್ಲ ಅಂತ್ಲೇ ತಾನೇ ಅರ್ಥ?"

"ಮತ್ತೆ ಈ ಕಾಲು?" ಎಂದು ಅವರು ಮೊಣಕಾಲು ತೋರಿಸಿದರು.

ಕಾನೂನಿನ ಈ ಸೂಕ್ಷ್ಮವನ್ನು ನಾನೇ ಬಿಡಿಸಿದೆ. ನಿಯಮ ಹದಿನಾಲ್ಕರಂತೆ ಮೇಲೆ ಹೋದ ಕಾಲುಗಳು ನಮ್ಮವು. ಅವು ನಮ್ಮವಾದ ಮೇಲೆ, ಹತ್ತಲು ವೀರಮ್ಮನವರಿಗೆ ಕಾಲುಗಳೇ ಉಳಿಯುವುದಿಲ್ಲ. ಹತ್ತದವರು ಕಂಡ ಬೀಗವನ್ನು ಕಡತಕ್ಕೆ ಸೇರಿಸುವಂತಿಲ್ಲ. ಸಭೆಯು ಚಪ್ಪಾಳೆ ತಟ್ಟಿತು. ನಲವತ್ತು ವರ್ಷದ ಸೇವೆಯಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ವೀರಮ್ಮ ಬೆಳ್ಳಿ ಕಣ್ಣುಗಳನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು. "ನಾ ಹತ್ಲಿಲ್ಲ ಅಂತ ಬರ್ಕಂಡ್ರೆ, ಮುಂದಿನ್ ವರ್ಸ ನನ್ನ ಕರ್ಕಂಬತ್ತೀರಾ?"

"ಹತ್ತದವರಿಗೆ ಮೊದಲ ಆದ್ಯತೆ" ಎಂದೆ.

"ಅಂಗಾದ್ರೆ ಬರ್ಕಳಿ ಬುಡಿ" ಎಂದು ಹೆಬ್ಬೆಟ್ಟೊತ್ತಿದರು.

ಬಸ್ಸು ಹೊರಟಿತು. ಎಲ್ಲರ ಒತ್ತಾಯದ ಮೇರೆಗೆ ನಾನು ಸೀಟುಗಳ ನಡುವೆ ನಿಂತು ನನ್ನ ನಾಲ್ಕು ಪುಟಗಳನ್ನು ಓದಿದೆ. ಅಗೋಚರವಾದ ಕೈ ಬಂದಾಗ ಹೆಂಗಸರು ಕಣ್ಣೊರೆಸಿಕೊಂಡರು. ವೀರಮ್ಮ ಕೊನೆಯವರೆಗೂ ಗಮನವಿಟ್ಟು ಕೇಳಿ, ಕುಂಟುತ್ತಾ ಎದ್ದು, ತಮ್ಮ ಸೀಟು ತೋರಿಸಿದರು.

"ಅಷ್ಟು ಮೇಲ್ಗಂಟ ಹತ್ತಿ ಬಂದಿದ್ದೀರಿ. ನಿಂತ್ಕಬ್ಯಾಡಿ, ಕೂತ್ಕಳಿ ಸಾಮಿ."

ಅವರ ಮುಖವನ್ನು ನೋಡಿದೆ. ನಗು ಇರಲಿಲ್ಲ.

ಕೂತೆ. ಎಚ್.ಡಿ. ಕೋಟೆ ಬರುವವರೆಗೂ ವೀರಮ್ಮ ಕಂಬಿ ಹಿಡಿದು ನಿಂತಿದ್ದರು. ನನಗೆ ನಿಜವಾಗಿಯೂ ಕಾಲು ನೋಯುತ್ತಿತ್ತು.