ಉಜ್ಜಿನಪ್ಪನವರ ಹೊಸ್ತಿಲ ಇಂಗ್ಲಿಷ್

"ನಾಕ ದಿನ ಸಾಕು! ಕಮ್, ಗೋ, ಬ್ರಿಂಗ್, ಟೇಕ್... ನಾಕೂ ಅರದು ಕುಡಿಸಿಬಿಡ್ತೀನಿ!" ಎಂದು ಉಜ್ಜಿನಪ್ಪನವರು ಮೀಸೆ ತೀಡಿದರು. ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಾಗದ ಟೈಪು ಮಾಡಿ ನಿವೃತ್ತರಾದವರು. ಅವರೆದುರು ಜರ್ಮನಿ ಎಷ್ಟರದು!

ಶಿಷ್ಯೆಯ ಹೆಸರು ಬಿರ್ಗಿಟ್. ಹಂಪಿ ನೋಡಲು ಬಂದು, ಕಮಲಾಪುರದ ಅವರ ಮನೆಯ ಮಹಡಿ ಕೋಣೆಯಲ್ಲಿ ತಿಂಗಳಿಂದ ಬಿಡಾರ ಹೂಡಿದ ಜರ್ಮನ್ ಹೆಂಗಸು. ಆಕೆಯ ಭಾಷೆಯಲ್ಲಿ ತರುವುದಕ್ಕೂ ಒಯ್ಯುವುದಕ್ಕೂ ಒಂದೇ ಮಾತು ಸಾಕಂತೆ. ಹಾಗಾಗಿ ಆಟೋ ಹತ್ತಿ "ಬ್ರಿಂಗ್ ಮಿ ಹಂಪಿ ಬಜಾರ್" ಅನ್ನುತ್ತಿದ್ದಳು.

ಉಜ್ಜಿನಪ್ಪನವರು ಹೊಸ್ತಿಲನ್ನೇ ಗಡಿ ಮಾಡಿದರು. ಒಳಗೆ ಬಂದರೆ ಕಮ್, ಬ್ರಿಂಗ್. ಹೊರಗೆ ಹೊರಟರೆ ಗೋ, ಟೇಕ್. ಕೊಡ ಹೊರಿಸಿ ಆ ಕಡೆ ಈ ಕಡೆ ದಾಟಿಸಿ ಪಾಪದ ಶಿಷ್ಯೆಗೆ ಸೊಂಟ ಹಿಡಿಸಿದರು. ನಾಲ್ಕನೇ ದಿನ ಕೊನೆಯ ಉಪದೇಶವನ್ನೂ ಬರೆಸಿದರು: ಯಾರು ತಪ್ಪಿದರೂ ತಿದ್ದಬೇಕು, ಗುರುವೇ ಆಗಿರಲಿ!

"ಹೊಸ್ತಿಲದಾಗ ನಿಂತು ಹೋಗು ಹೋಗು ಅನ್ನಸಬ್ಯಾಡ್ರಿ, ಛಲೋ ಅಲ್ಲ," ಎಂದರು ಹೆಂಡತಿ ಪಂಪಾವತಿ.

"ನಿನಗೇನ್ ಗೊತ್ತು ಇಂಗ್ಲಿಷು? ನಾಳೆ ಗಂಡಿನೋರು ಬರ್ತಾರ, ಅಡಿಗಿ ನೋಡು!"

ಮರುದಿನ ಮಗಳು ಸುಮಲತಾಳನ್ನು ನೋಡಲು ಕಂಪ್ಲಿಯಿಂದ ಗಂಡಿನವರು ಬಂದರು. ಗಂಡು ಹುಲಿಗೇಶ್ ಅವಳಿಗೆ ಮೊದಲ ನೋಟಕ್ಕೇ ಹಿಡಿಸಿದ. ಆದರೆ ಕೊನೆಯ ಮಾತು ಅವನ ಸೋದರಮಾವ ವಿರುಪಾಕ್ಷಪ್ಪನವರದು. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ ಎಲ್ಲ ಸಾಂಗವಾಗಿ ಮುಗಿಯಿತು. ವಿರುಪಾಕ್ಷಪ್ಪನವರು ಎದ್ದು, ಮೂಲೆಯಲ್ಲಿ ಕೂತಿದ್ದ ಫಾರಿನ್ ಹೆಂಗಸಿನೆದುರು ತಮ್ಮ ಇಂಗ್ಲಿಷೂ ಒಂದಿಷ್ಟು ಬೆಳಗಲಿ ಎಂದು ಹೊಸ್ತಿಲ ಬಳಿ ಕೈಮುಗಿದರು. "ವಿ ಆರ್ ಕಮಿಂಗ್, ಮೇಡಂ!"

ನಮ್ಮಲ್ಲಿ ಹೊರಟವರು "ಹೋಗ್ತೀವಿ" ಅನ್ನುವುದುಂಟೇ? "ಬರ್ತೀವಿ" ಎಂದೇ ಅನ್ನಬೇಕು. ಬಿರ್ಗಿಟ್‌ಗೆ ಅದೆಲ್ಲಿ ಗೊತ್ತು! ತಟ್ಟನೆ ಎದ್ದವಳೇ ಗೇಟಿನತ್ತ ಬೆರಳು ಚಾಚಿ ಗುಡುಗಿದಳು: "ನೋ! ಗೋ! ಯು ಗೋ!"

"ಏನ್ರೀ ಉಜ್ಜಿನಪ್ಪಾರ, ಮನಿಗೆ ಕರದು ಹೋಗು ಅನಸ್ತೀರೇನು?" ವಿರುಪಾಕ್ಷಪ್ಪನವರ ಮುಖ ಮಿರ್ಚಿಗಿಂತ ಕೆಂಪಾಯಿತು. ಹೊರಡುವಾಗ ಅಪಶಕುನವಾದರೆ ಮರಳಿ ಕೂತು ನೀರು ಕುಡಿದೇ ಹೊರಡಬೇಕು. ಕೂತರು, ಕುಡಿದರು, ಎದ್ದರು. ಅದು ಪಾಠದ ತಿದ್ದುಪಡಿ ಎಂದು ತಿಳಿದ ಮೇಲೆ, ತಮ್ಮ ಇಂಗ್ಲಿಷಿನಲ್ಲಿ ತಪ್ಪು ಹಿಡಿದಳಲ್ಲ ಎಂಬ ಹಟ ಬೇರೆ. "ಕಮಿಂಗ್!" ಎಂದರು. "ಗೋ!" ಎಂದಳು. ಮತ್ತೆ ಕೂತರು. ಮತ್ತೆ ನೀರು.

"ಸ್ಟಾಪ್ ಕರೆಕ್ಷನ್!" ಎಂದು ಉಜ್ಜಿನಪ್ಪನವರು ಅಂಗಲಾಚಿದರೆ, ಆಕೆ ನೋಟ್‌ಬುಕ್ ಬಿಚ್ಚಿ "ಗುರುವೇ ಆಗಿರಲಿ" ಎಂಬ ಸಾಲಿನ ಮೇಲೆ ಬೆರಳಿಟ್ಟಳು. ಒಳಬಾಗಿಲಲ್ಲಿ ನಿಂತ ಸುಮಲತಾಳ ಕಣ್ಣು ತುಂಬಿಬಂದಿತು.

ವಿರುಪಾಕ್ಷಪ್ಪನವರು ಮೂರನೇ ಸಲ ಏಳುವಷ್ಟರಲ್ಲಿ ಪಂಪಾವತಿ ಸೌಟು ಹಿಡಿದೇ ಬಂದರು. ಬಿರ್ಗಿಟ್‌ಳ ಕೈ ಹಿಡಿದು ಹೊಸ್ತಿಲು ದಾಟಿಸಿ, ತಿರುಗಿಸಿ, ಒಳಗೆ ಕರೆತಂದರು. "ನೋಡವ್ವ ಗಿಟ್ಟಮ್ಮ, ಹೋದೋರು ತಿರುಗಿ ಬರಬೇಕು ಅಂತ ನಮ್ಮ ಆಸಿ. ಬರೇ ಗೋ ಅನ್ನಬ್ಯಾಡ. ಗೋ, ಕಮ್, ಎರಡೂ ಅನ್ನು."

ಬಿರ್ಗಿಟ್ ಮುಖ ಅರಳಿತು. ವಿರುಪಾಕ್ಷಪ್ಪನವರಿಗೆ ಕೈಮುಗಿದಳು. "ಗೋ ಆ್ಯಂಡ್ ಕಮ್!"

"ಹೋಗಿ ಬರ್ರಿ ಅಂದಂಗಾತಲ್ಲ!" ವಿರುಪಾಕ್ಷಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. ಹುಲಿಗೇಶನತ್ತ ನೋಡಿದರು. ಅವನು ಆಗಲೇ ಹೂಂ ಎಂದು ತಲೆಯಾಡಿಸುತ್ತಿದ್ದ. ಮಾವ ಪಂಪಾವತಿಯತ್ತ ತಿರುಗಿದರು. "ಬರಲಾರದ ಬಿಡ್ತೀವೇನು ಬೀಗತಿ? ನಿಶ್ಚಿತಾರ್ಥಕ್ಕ ಬರ್ತೀವಿ! ಅಷ್ಟರಾಗ ನನಗೂ ಒಂದೀಟು ಇಂಗ್ಲಿಷ್ ಕಲಸ್ರಿ."

"ಅಯ್ಯ, ಮಾಸ್ತರು ಇವರು ಅದಾರಲ್ರಿ," ಎಂದು ಪಂಪಾವತಿ ಗಂಡನತ್ತ ಸೌಟು ತೋರಿಸಿದರು.

"ಬ್ಯಾಡವ್ವ! ಇವರ ಪಾಠಕ್ಕ ಎಷ್ಟು ನೀರು ಕುಡದೀನಿ ಅಂತ ನನಗ ಗೊತ್ತು!"

ಗಂಡಿನವರು ಹೋದ ಮೇಲೆ ಪಂಪಾವತಿ ಅಡುಗೆಮನೆಯಿಂದ ಕೂಗಿದರು: "ಲೋಟ ಬ್ರಿಂಗ್ ಮಾಡ್ರಿ!"

ಪಡಸಾಲೆಯಲ್ಲಿ ಕೂತ ಬಿರ್ಗಿಟ್ ಖಾಲಿ ಲೋಟಗಳನ್ನು ಗುರುಗಳತ್ತ ಸರಿಸಿದಳು: "ಸರ್, ಟೇಕ್!"

ಇಬ್ಬರದೂ ಸರಿಯೇ. ಉಜ್ಜಿನಪ್ಪನವರು ಲೋಟ ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲು ದಾಟಿದರು.