ಎಡಗಡೆಯ ನಲ್ಲಿಯವರಿಗೆ, ಎರಡು ಸ್ವರದ ವಿಷಯವಾಗಿ

ಮಧುಗಿರಿಯ ನಮ್ಮ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಮೊದಲ ಮಹಡಿಯ ಬಚ್ಚಲಿನಲ್ಲಿ, ಎಡಗಡೆಯ ಗೋಡೆಯಲ್ಲಿ ಬಹುಕಾಲದಿಂದ ನೆಲೆಸಿರುವ ನಲ್ಲಿಯವರ ಸನ್ನಿಧಿಗೆ,

ಮಾನ್ಯರೇ,

ಬಿ.ಎ. ಮೊದಲ ವರ್ಷದ ಶಿವಲಕ್ಷ್ಮಿ ಮಾಡುವ ನಮಸ್ಕಾರಗಳು. ನಾಲ್ಕು ದಿನಕ್ಕೊಮ್ಮೆ ಮಾತ್ರ ದರ್ಶನ ಕೊಡುವ ತಮ್ಮಂಥವರ ಸಮಯ ಎಷ್ಟು ಅಮೂಲ್ಯವೆಂದು ನನಗೆ ಗೊತ್ತಿದ್ದರೂ, ಬೇರೆ ದಾರಿ ಕಾಣದೆ ಈ ದೂರನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲುಗಳಲ್ಲೇ ಓದಿದವಳಾದ್ದರಿಂದ ನನ್ನ ಕನ್ನಡಕ್ಕೆ ಇಂಗ್ಲಿಷ್ ಅಂಟಿಕೊಂಡಿದೆ, ಇಂಗ್ಲಿಷಾದರೂ ಪೂರ್ತಿ ಬಂದಿದೆಯೇ ಎಂದರೆ ಅದೂ ಇಲ್ಲ. ದಯವಿಟ್ಟು ಅಡ್ಜಸ್ಟ್ ಮಾಡಿಕೊಳ್ಳಬೇಕು.

ಕಾಲೇಜಿನ ಮೊದಲ ದಿನ ನಮ್ಮ ಪ್ರಭುದೇವ್ ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಹೆಸರು, ಊರು, ಹಾಬಿ ಹೇಳಿಸಿದರು. ಹೆಸರು, ಊರು ನನಗೆ ಬಾಯಿಪಾಠ. ಹಾಬಿ ಮಾತ್ರ ಇರಲಿಲ್ಲ. ರೀಡಿಂಗ್, ಡ್ರಾಯಿಂಗ್, ಷಟಲ್ ಎಲ್ಲವನ್ನೂ ಮುಂದಿನ ಬೆಂಚಿನವರೇ ಖರ್ಚು ಮಾಡಿಬಿಟ್ಟಿದ್ದರು. ಹಿಂದಿನ ದಿನ ಮೊಬೈಲಿನಲ್ಲಿ ಒಬ್ಬ ಮನುಷ್ಯ ಒಂದೇ ಗಂಟಲಿನಿಂದ ಒಂದೇ ಸಲಕ್ಕೆ ಎರಡು ಸ್ವರ ತೆಗೆಯುವುದನ್ನು ನೋಡಿದ್ದೆ. ಹೆದರಿಕೆಯಲ್ಲಿ ಅದೇ ಬಾಯಿಗೆ ಬಂದು, ‘ಓವರ್‌ಟೋನ್ ಸಿಂಗಿಂಗ್, ಸರ್’ ಅಂದೆ. ಸರ್ ‘ವೆರಿ ಯುನಿಕ್’ ಎಂದು ಡೈರಿಯಲ್ಲಿ ಬರೆದುಕೊಂಡರು. ಬರೆದಿದ್ದನ್ನು ಅವರು ಮರೆಯುವುದಿಲ್ಲ. ಬರುವ ಶುಕ್ರವಾರದ ಕಾಲೇಜ್ ಡೇ ಪಟ್ಟಿಯಲ್ಲಿ ಗ್ರೂಪ್ ಡ್ಯಾನ್ಸ್ ಆದ ಮೇಲೆ ಏಳನೆಯ ಐಟಂ ನಾನು. ಅಂದು ಎರಡನೆಯ ಸ್ವರ ಬರದಿದ್ದರೆ, ಇನ್ನು ಮೂರು ವರ್ಷ ಈ ಕಾಲೇಜಿನಲ್ಲಿ ನಾನು ಸುಳ್ಳಿ.

ಹೀಗಾಗಿ ಕಲಿಯಲು ಕೂತೆ. ಕೆಳಗೆ ಒಂದು ಸ್ವರವನ್ನು ಅಲುಗಾಡದಂತೆ ಗುಂಯ್ ಎನಿಸುತ್ತಿರಬೇಕು. ನಾಲಿಗೆಯ ತುದಿಯನ್ನು ‘ಳ’ ಅನ್ನುವ ಜಾಗಕ್ಕೆ ಒತ್ತಿ ಹಿಡಿದು, ತುಟಿಯನ್ನು ‘ಉ’ದಿಂದ ‘ಇ’ಗೆ ಇಷ್ಟಿಷ್ಟೇ ಸರಿಸುತ್ತಾ ಹೋದರೆ ಮೇಲೆ ದಾರದಂಥ ಒಂದು ಸಿಳ್ಳು ತಾನಾಗಿಯೇ ಏಳುತ್ತದಂತೆ. ಅದು ನಿಮ್ಮ ದನಿಯಲ್ಲಿ ಆಗಲೇ ಇದೆ, ಕೇಳಿಸಿಕೊಂಡರೆ ಸಾಕು ಎಂದು ವಿಡಿಯೊದ ಮೇಷ್ಟ್ರು ನಗುತ್ತಾ ಹೇಳುತ್ತಾರೆ. ಒಂದು ತಿಂಗಳು ನನಗೆ ಬಂದದ್ದು ಜೊಲ್ಲು ಮತ್ತು ತಲೆಸುತ್ತು. ರೂಮ್‌ಮೇಟ್ ಜಗದಾಂಬ ಎರಡು ದಿನ ಸಹಿಸಿಕೊಂಡು, ‘ಏನೇ ಅದು ಶಿವಿ, ಗಂಟ್ಲಲ್ಲಿ ಜೀರುಂಡೆ ಹೋಗ್ಬುಟ್ಟೈತಾ? ಉಗುದ್ಬುಡೇ ಅತ್ಲಾಗೆ’ ಅಂದಳು. ಟೈಲ್ಸ್ ಇರುವ ಕಡೆ ಸ್ವರ ಬೇಗ ಕೇಳುತ್ತದೆಂದು ಮೇಷ್ಟ್ರೂ ಹೇಳಿದ್ದರಿಂದ ತಮ್ಮ ಬಚ್ಚಲಿಗೆ ಬಂದೆ.

ಅಲ್ಲಿ ತಮ್ಮ ವಿದ್ವತ್ತಿನ ಪರಿಚಯವಾಯಿತು. ನೀರು ಬರುವ ಮುಂಚೆ ಪೈಪಿನ ಗಾಳಿಯನ್ನು ಹೊರಗೆ ಬಿಡುತ್ತಾ ತಾವು ಕೆಳಗೊಂದು ಗೊರಗೊರ, ಅದರ ಮೇಲೊಂದು ಸಣ್ಣ ಸಿಳ್ಳು, ಎರಡನ್ನೂ ಒಟ್ಟಿಗೆ ತೆಗೆಯುತ್ತೀರಿ. ಗುರುವಿಲ್ಲ, ವಿಡಿಯೊ ಇಲ್ಲ, ನಾಲಿಗೆಯಂತೂ ಮೊದಲೇ ಇಲ್ಲ. ನೀರು ಯಾವ ಹೊತ್ತಿಗೆ ಬರುತ್ತದೆಂದು ಹೇಳುವವರಿಲ್ಲದ ಈ ಹಾಸ್ಟೆಲ್ಲಿನಲ್ಲಿ ನಲವತ್ತು ಹುಡುಗಿಯರು ತಮ್ಮ ಆ ಸಿಳ್ಳಿಗೇ ಕಿವಿಯಿಟ್ಟು ಬದುಕುತ್ತಿದ್ದಾರೆ. ಇಷ್ಟು ಶ್ರದ್ಧೆಯ ಶ್ರೋತೃಗಳು ಯಾವ ಸಂಗೀತಗಾರರಿಗೆ ಸಿಕ್ಕಾರು?

ದೂರು ಇಲ್ಲಿಂದ ಶುರು. ಹೋದ ವಾರ ಮಂಗಳವಾರ ಮಧ್ಯಾಹ್ನ ನಾನು ತಮ್ಮ ಪಕ್ಕದಲ್ಲಿ ಕಣ್ಣು ಮುಚ್ಚಿ ‘ಉ’ದಿಂದ ‘ಇ’ಗೆ ಸಾಗುತ್ತಿದ್ದಾಗ ಹೊರಗೆ ‘ನೀರ್ ಬಂತು ಕಣ್ರೇ, ಓಡ್ರೇ!’ ಎಂಬ ಕೂಗೆದ್ದು, ಮಹಡಿಯೆಲ್ಲ ನಡುಗಿ, ಬಾಗಿಲಲ್ಲಿ ಬಕೆಟ್ಟಿಗೆ ಬಕೆಟ್ಟು ಬಡಿಯಿತು. ಯಾರೋ ತಮ್ಮ ಕಿವಿ ತಿರುಗಿಸಿದರು. ತಾವು ಒಂದು ಹನಿಯನ್ನೂ ಕೊಡಲಿಲ್ಲ. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಮಾನ್ಯರೇ, ಒಂದು ತಿಂಗಳು ಕಾದ ಸ್ವರ ಬಂದಿತ್ತು, ಅದನ್ನು ನಲವತ್ತು ಜನ ಕೇಳಿದ್ದರು. ಕೇಳದವಳು ನಾನೊಬ್ಬಳೇ, ಮತ್ತು ಅದರ ಹೆಸರು ಪೂರ್ತಿ ತಮ್ಮ ಖಾತೆಗೆ ಹೋಯಿತು. ವಾರ್ಡನ್ ಇಂದ್ರಮ್ಮನವರು ನನ್ನನ್ನು ಕರೆಸಿ, ‘ಹಾಡಾದ್ರೆ ಹಾಡು, ನಲ್ಲಿಯಾದ್ರೆ ನಲ್ಲಿ. ಎರಡೂ ಆಯ್ತೀನಿ ಅಂದ್ರೆ ಹೆಂಗಮ್ಮ?’ ಅಂದರು.

ಮಾರನೆಯ ದಿನ ತಾವು ನಿಜವಾಗಿಯೇ ಸಿಳ್ಳು ಹಾಕಿದಿರಿ. ಯಾರೂ ಏಳಲಿಲ್ಲ. ‘ನೀರಲ್ಲ ಕಣೇ, ಅದು ಶಿವಿ. ಸುಮ್ಕೆ ಕೂತ್ಕೋ’ ಎಂದು ಜಗದಾಂಬ ಪಕ್ಕದ ರೂಮಿನವಳನ್ನೂ ಕೂರಿಸಿದಳಂತೆ. ಆ ಶಿವಿ ಆಗ ಕಾಲೇಜಿನ ಲೈಬ್ರರಿಯಲ್ಲಿದ್ದಳು. ನೀರು ಬಂತು, ಹೋಯಿತು. ಹಾಸ್ಟೆಲ್ಲು ನಾಲ್ಕು ದಿನ ತಲೆಗೆ ಸ್ನಾನ ಮಾಡಲಿಲ್ಲ. ಶಿಕ್ಷೆಯಾಗಿ ಇಂದ್ರಮ್ಮನವರು, ಮುಂದಿನ ಸಲ ನೀರಿನ ದಿನ ಬೆಳಗಿನಿಂದ ನಾನೇ ತಮ್ಮ ಮುಂದೆ ಕೂತು, ನೀರು ಬಂದ ತಕ್ಷಣ ಕೂಗಿ ಹೇಳಬೇಕೆಂದು ಆರ್ಡರ್ ಮಾಡಿದರು.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ತಾವು ಗೊರಗುಟ್ಟಿದಿರಿ. ನಾನು ಅದೇ ಶ್ರುತಿಗೆ ದನಿ ಸೇರಿಸಿ ನಾಲಿಗೆ ಎತ್ತಿದೆ. ಮೇಲೆ ಸಿಳ್ಳು ಕೇಳಿತು, ತಮ್ಮದೇ ಎಂದುಕೊಂಡೆ. ಅಷ್ಟರಲ್ಲಿ ನೀರು ನುಗ್ಗಿತು, ತಮ್ಮ ದನಿ ನಿಂತಿತು, ಸಿಳ್ಳು ಮಾತ್ರ ನಿಲ್ಲಲಿಲ್ಲ. ಅದು ನನ್ನದಾಗಿತ್ತು. ಕೂಗಬೇಕಾದರೆ ಅದನ್ನು ಬಿಡಬೇಕಿತ್ತು. ಒಂದು ಉಸಿರಿನವರೆಗೆ ಅದನ್ನು ಬಿಡಲಿಲ್ಲ. ಇನ್ನೊಂದು ಉಸಿರಿಗೂ ಬಿಡಲಿಲ್ಲ. ಆಮೇಲೆ ಎಷ್ಟೆಂದು ಗೊತ್ತಿಲ್ಲ. ನೀರು ಮೋರಿಗೆ ಹರಿಯುತ್ತಿತ್ತು. ನಾನು ಕೂಗಿ ಎಲ್ಲರೂ ಸಾಲು ನಿಂತು, ಕೊನೆಯವಳಾದ ಜಗದಾಂಬಳ ಬಕೆಟ್ಟಿಗೆ ಬಂದದ್ದು ಒಂದು ಗೇಣು ನೀರು. ‘ಈ ಸಲ ಬಿರ್‍ರನೆ ನಿಂತೋಯ್ತು ಬುಡು’ ಎಂದು ಅವಳು ಎಣ್ಣೆ ಹಚ್ಚಿದ್ದ ತಲೆಯನ್ನು ಹಾಗೇ ಗಂಟು ಕಟ್ಟಿಕೊಂಡಳು. ನಾನು ‘ಹೂಂ’ ಅಂದೆ.

ಆದ್ದರಿಂದ ತಮ್ಮಲ್ಲಿ ಸವಿನಯ ಕೋರಿಕೆ: ಇನ್ನು ಮುಂದೆ ತಾವು ಸಿಳ್ಳು ಹಾಕುವ ಒಂದು ದಿನ ಮುಂಚೆ ನೋಟಿಸು ಹಚ್ಚಬೇಕು, ‘ಈಕೆ ನನ್ನ ಶಿಷ್ಯೆ, ಆದರೆ ನಾನಲ್ಲ’ ಎಂದು ಸೀಲು ಹಾಕಿ ಸರ್ಟಿಫಿಕೇಟ್ ಕೊಡಬೇಕು, ಶುಕ್ರವಾರ ಪೈಪು ಸಮೇತ ಸ್ಟೇಜಿನ ಪರದೆಯ ಹಿಂದೆ ಬಂದು ನನಗೆ ಶ್ರುತಿ ಹಿಡಿಯಬೇಕು. ಯಾವುದೂ ಆಗದಿದ್ದರೆ, ಮೊದಲ ದಿನ ನಾನು ಹೇಳಿದ್ದು ಸುಳ್ಳು, ಭಾನುವಾರ ಹತ್ತು ಗಂಟೆಯಿಂದ ಅದು ನಿಜ, ಆ ನಿಜಕ್ಕೆ ಹೋದದ್ದು ಜಗದಾಂಬಳ ನೀರು, ಇಷ್ಟನ್ನು ಎಲ್ಲರಿಗೂ ತಿಳಿಸಬೇಕು. ತಾವು ತಿಳಿಸಲಾರಿರಿ ಎಂದು ಗೊತ್ತಿರುವುದರಿಂದ ಈ ಪತ್ರದ ಒಂದು ಪ್ರತಿಯನ್ನು ತಮ್ಮ ಪಕ್ಕದ ಗೋಡೆಗೆ ಅಂಟಿಸಿದ್ದೇನೆ, ಇನ್ನೊಂದನ್ನು ಪ್ರಭುದೇವ್ ಸರ್ ಮೇಜಿನ ಮೇಲೆ ಇಟ್ಟಿದ್ದೇನೆ. ಪಟ್ಟಿಯಿಂದ ನನ್ನ ಹೆಸರು ತೆಗೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. ತೆಗೆಯದಿದ್ದರೆ ಹಾಡುತ್ತೇನೆ.

ಗಾಳಿ ಬಂದಾಗಲೂ ನೀರು ಬಂದಾಗಲೂ
ತಮ್ಮ ವಿಶ್ವಾಸಿ,
ಶಿವಲಕ್ಷ್ಮಿ, ಗೌಡಗೆರೆ

ತಾ.ಕ.: ಒಳಗಿನ ವಾಷರ್ ಸವೆದಿರುವುದರಿಂದಲೇ ತಮಗೆ ಎರಡು ಸ್ವರ ಬರುತ್ತಿರುವುದೆಂದು ಪ್ಲಂಬರ್ ಕದಿರಯ್ಯನವರು ಹೇಳಿದ್ದಾರೆ. ನಾಳೆ ಹೊಸದು ಹಾಕುತ್ತಾರಂತೆ, ಆಮೇಲೆ ತಮಗೆ ಒಂದು ಸ್ವರವೂ ಉಳಿಯುವುದಿಲ್ಲವಂತೆ. ಮೊದಲಿನಿಂದ ಕಲಿಯಬೇಕೆನಿಸಿದರೆ ನಾನು ರೂಂ ನಂಬರ್ ಹದಿನಾಲ್ಕರಲ್ಲಿ ಇರುತ್ತೇನೆ. ಫೀಸು ಬೇಡ. ಬರುವಾಗ ನೀರು ತನ್ನಿ.